ಗಾಳಿ ಏಳುವ ಮೊದಲು

ಕಲಬುರಗಿಯ ಸುತ್ತಲಿನ ಎರೆಹೊಲಗಳಲ್ಲಿ ಫೆಬ್ರುವರಿ ತಿಂಗಳ ಬೆಳಗಿನ ಏಳು ಗಂಟೆಗೆ ನಿಂತು ನೋಡಿದರೆ ಒಣಹುಲ್ಲಿನ ಎಸಳೂ ಅಲುಗುವುದಿಲ್ಲ. ಒಂಬತ್ತರ ಹೊತ್ತಿಗೆ ಕಪ್ಪು ಮಣ್ಣು ಕಾಯತೊಡಗಿ ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಹನ್ನೊಂದಕ್ಕೆ ಸಣ್ಣ ಸುಂಟರಗಾಳಿಗಳು ಧೂಳೆಬ್ಬಿಸುತ್ತ ಬದುವಿನಿಂದ ಬದುವಿಗೆ ಓಡುತ್ತವೆ. ಐವತ್ತು ಗ್ರಾಂ ತೂಕದ ಮಾದರಿ ವಿಮಾನಕ್ಕೆ ಏಳು ಗಂಟೆಯ ಹೊಲವೇ ಬೇರೆ, ಹನ್ನೊಂದು ಗಂಟೆಯ ಹೊಲವೇ ಬೇರೆ. ನಮ್ಮ ಭಾಗದಲ್ಲಿ ಮಾದರಿ ವಿಮಾನಗಳ ಸ್ಪರ್ಧೆಯನ್ನು ವರ್ಷಕ್ಕೊಮ್ಮೆ ತಪ್ಪದೆ ನಡೆಸಬೇಕೆಂದು ಮನಸ್ಸು ಮಾಡಿದವರು ಎಲ್ಲಕ್ಕಿಂತ ಮೊದಲು ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು ಎಂಬುದು ನನ್ನ ಅನಿಸಿಕೆ.

ನಾನು ಕಲಬುರಗಿಯಲ್ಲಿ ಬೆಳೆದು, ಕೆಲಸದ ನಿಮಿತ್ತ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಕಾಲೇಜಿನಲ್ಲಿದ್ದಾಗ ಊರಿನಲ್ಲಿ ಇಂಥದೊಂದು ಸ್ಪರ್ಧೆಯಲ್ಲಿ ಭಾಗವಹಿಸಿದ್ದೆ. ಬೆಳಗಿನ ಎಂಟಕ್ಕೆ ಆರಂಭವೆಂದು ಕರಪತ್ರದಲ್ಲಿ ಅಚ್ಚಾಗಿತ್ತು. ನಾವು ಏಳಕ್ಕೇ ಮೈದಾನ ಸೇರಿದ್ದೆವು. ಉದ್ಘಾಟನೆಗೆ ಬರಬೇಕಾದ ಗಣ್ಯರು ಬಂದದ್ದು ಹನ್ನೊಂದಕ್ಕೆ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಮಾತು ಎಲ್ಲ ಮುಗಿದು ಮೊದಲ ವಿಮಾನ ಕೈಬಿಟ್ಟಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಹದಿನಾಲ್ಕು ವಿಮಾನಗಳಲ್ಲಿ ಒಂಬತ್ತು ಮೊದಲ ಸುತ್ತಿನಲ್ಲಿಯೇ ಮುರಿದವು, ನನ್ನದೂ ಅವುಗಳಲ್ಲಿ ಒಂದು. ಮೂರು ತಿಂಗಳು ರಾತ್ರಿ ಕೂತು ಮಾಡಿದ ರೆಕ್ಕೆಯ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು ಮನೆಗೆ ನಡೆದದ್ದು ಇಂದಿಗೂ ನೆನಪಿದೆ. ಆ ಸ್ಪರ್ಧೆ ಮರುವರ್ಷ ನಡೆಯಲಿಲ್ಲ. ಕರೆತಂದವರ ಮೇಲಾಗಲಿ ಬಂದವರ ಮೇಲಾಗಲಿ ನನಗೆ ಸಿಟ್ಟಿಲ್ಲ. ಅವರೆಲ್ಲ ಮಕ್ಕಳ ಮೇಲಿನ ಪ್ರೀತಿಯಿಂದಲೇ ಬಂದಿದ್ದರು. ಹೊತ್ತಿನ ವಿಷಯವನ್ನು ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲ, ಅಷ್ಟೇ.

ಇಂಡಿಯಾನಾದ ಮನ್ಸಿ ಎಂಬ ಊರಿನಲ್ಲಿ ಅಮೆರಿಕದ ಮಾದರಿ ವಿಮಾನ ಹವ್ಯಾಸಿಗಳ ರಾಷ್ಟ್ರೀಯ ಸಂಸ್ಥೆಯಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್‌ನ ಕೇಂದ್ರವಿದೆ. 1936ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯ ಸ್ವಂತ ಹುಲ್ಲುಗಾವಲು ಇದ್ದು, ರಾಷ್ಟ್ರಮಟ್ಟದ ಸ್ಪರ್ಧೆಗಳು ಬೇಸಿಗೆಯಲ್ಲಿ ಅಲ್ಲಿಯೇ ನಡೆಯುತ್ತವೆ. ಅಷ್ಟು ದೊಡ್ಡದನ್ನು ನಮ್ಮ ಊರಿನೊಂದಿಗೆ ಹೋಲಿಸುವುದು ಸರಿಯಲ್ಲ. ನಾನು ಹೋಲಿಸಲು ಬಯಸುವುದು ನಾನಿರುವ ಊರಿನ ಇಪ್ಪತ್ತು ಜನರ ಬಳಗವು ವರ್ಷಕ್ಕೊಮ್ಮೆ ನಡೆಸುವ ಸ್ಪರ್ಧೆಯನ್ನು. ಅಲ್ಲಿ ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ. ಒಂದು ಮಡಚುವ ಮೇಜು, ಅದರ ಮೇಲೆ ಹೆಸರು ಬರೆಯುವ ಹಾಳೆ, ನಾಲ್ಕಾರು ಸ್ಟಾಪ್‌ವಾಚ್, ಗಾಳಿಯ ದಿಕ್ಕು ತಿಳಿಯಲು ಕೋಲಿನ ತುದಿಗೆ ಕಟ್ಟಿದ ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಇಷ್ಟೇ. ತಿಂಗಳುಗಳ ಮೊದಲೇ ನಿಯಮಗಳ ಹಾಳೆ ಎಲ್ಲರ ಕೈ ಸೇರಿರುತ್ತದೆ. ಕಂಟೆಸ್ಟ್ ಡೈರೆಕ್ಟರ್ ಎಂದು ಕರೆಯುವ ಒಬ್ಬರಿಗೆ ಅಂದಿನ ಪೂರ್ಣ ಹೊಣೆ. ಗಾಳಿ ಹೆಚ್ಚಾಯಿತೆಂದು ಅವರು ನಿಲ್ಲಿಸಿದರೆ ನಿಂತಿತು, ಅದರ ಮೇಲೆ ಮತ್ತೊಬ್ಬರ ಮಾತಿಲ್ಲ. ಸದಸ್ಯತ್ವದ ಜೊತೆಗೇ ವಿಮೆಯೂ ಸೇರಿರುವುದರಿಂದ, ಯಾರದಾದರೂ ಕಾರಿನ ಗಾಜು ಒಡೆದರೆ ಏನು ಗತಿ ಎಂಬ ಅಂಜಿಕೆಯೂ ಅವರಿಗಿಲ್ಲ.

ನಾವು ಅಲ್ಲಿ ಹೆಚ್ಚಾಗಿ ಹಾರಿಸುವುದು ಪಿ-30 ಎಂಬ ವರ್ಗದ ವಿಮಾನವನ್ನು. ಇದಕ್ಕೆ ರೇಡಿಯೊ ಇಲ್ಲ, ಎಂಜಿನ್ ಇಲ್ಲ. ತಿರುಚಿದ ರಬ್ಬರ್ ಬಿಚ್ಚಿಕೊಳ್ಳುವಾಗ ಪ್ಲಾಸ್ಟಿಕ್ ಪಂಖ ತಿರುಗಿ ವಿಮಾನವನ್ನು ಮೇಲಕ್ಕೊಯ್ಯುತ್ತದೆ, ರಬ್ಬರ್ ಮುಗಿದ ಮೇಲೆ ಅದು ತೇಲುತ್ತ ಇಳಿಯುತ್ತದೆ. ಉದ್ದವಾಗಲಿ ರೆಕ್ಕೆಯ ಹರವಾಗಲಿ 30 ಅಂಗುಲ ಮೀರಬಾರದು. ರಬ್ಬರ್ ಬಿಟ್ಟು ವಿಮಾನದ ತೂಕ 40 ಗ್ರಾಂಗಿಂತ ಕಡಿಮೆಯಿರಬಾರದು. ರಬ್ಬರ್ 10 ಗ್ರಾಂ ದಾಟಬಾರದು. ವಿಮಾನ ಎಷ್ಟು ಹೊತ್ತು ಗಾಳಿಯಲ್ಲಿ ಉಳಿಯಿತು ಎಂಬುದೇ ಇಲ್ಲಿ ಅಂಕ, ಒಂದು ಹಾರಾಟಕ್ಕೆ ಹೆಚ್ಚೆಂದರೆ 120 ಸೆಕೆಂಡು ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿದ್ದರೂ 120 ಎಂದೇ ಬರೆದುಕೊಳ್ಳುತ್ತಾರೆ. ಇಷ್ಟು ಬಿಗಿಯಾಗಿ ಅಳತೆ ಹಾಕಿರುವುದರಿಂದ ಹಣವುಳ್ಳವನಿಗೂ ಇಲ್ಲದವನಿಗೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಗೆಲ್ಲುವವನು ರೆಕ್ಕೆಯನ್ನು ನೇರವಾಗಿ ಕೂರಿಸಲು ಕಲಿತವನು, ರಬ್ಬರನ್ನು ಮುರಿಯದಂತೆ ಎಳೆದು ಸುತ್ತಲು ಕಲಿತವನು, ಎಲ್ಲಕ್ಕಿಂತ ಮಿಗಿಲಾಗಿ, ಯಾವ ಗಳಿಗೆಯಲ್ಲಿ ಕೈಬಿಡಬೇಕೆಂದು ಗಾಳಿಯನ್ನು ಓದಲು ಕಲಿತವನು. ನಮ್ಮ ಶಾಲೆಗಳಿಗೆ ಇದಕ್ಕಿಂತ ಒಪ್ಪುವ ವರ್ಗ ಮತ್ತೊಂದಿಲ್ಲ ಎಂದು ನಾನು ನಂಬಿದ್ದೇನೆ.

ಅಲ್ಲಿನ ಪದ್ಧತಿಯಲ್ಲಿ ನನ್ನನ್ನು ಹೆಚ್ಚು ಮುಟ್ಟಿದ್ದು ಹೊತ್ತು ಅಳೆಯುವ ಕ್ರಮ. ಇಂಥ ಸಣ್ಣ ಸ್ಪರ್ಧೆಗಳಲ್ಲಿ ಸ್ಪರ್ಧಿಗಳೇ ಒಬ್ಬರ ಹಾರಾಟವನ್ನು ಮತ್ತೊಬ್ಬರು ಅಳೆಯುತ್ತಾರೆ. ನನ್ನ ಎದುರಾಳಿ ನನ್ನ ವಿಮಾನವನ್ನೇ ದಿಟ್ಟಿಸುತ್ತ, ಸ್ಟಾಪ್‌ವಾಚ್ ಹಿಡಿದು, ಕುತ್ತಿಗೆ ನೋಯುವವರೆಗೆ ನಿಂತಿರುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ನಾನು ಅವನಿಗಾಗಿ ಹಾಗೆಯೇ ನಿಲ್ಲುತ್ತೇನೆ. ವಿಮಾನ ಮರದ ಹಿಂದೆ ಮರೆಯಾದರೆ ಹತ್ತು ಸೆಕೆಂಡು ಕಾಯಬೇಕು. ಅಷ್ಟರಲ್ಲಿ ಮತ್ತೆ ಕಂಡರೆ ಅಳತೆ ಮುಂದುವರಿಯುತ್ತದೆ, ಕಾಣದಿದ್ದರೆ ಆ ಹತ್ತು ಸೆಕೆಂಡನ್ನು ಕಳೆದು ಬರೆಯಬೇಕು. ಸುಳ್ಳು ಬರೆಯುವುದು ಎಷ್ಟು ಸುಲಭವೋ ಅಷ್ಟೇ ಅಪರೂಪ, ಏಕೆಂದರೆ ಬರೆಯುವವನೂ ಬರೆಸಿಕೊಳ್ಳುವವನೇ.

ಹಾಗೆಂದು ಅಲ್ಲಿಯದೆಲ್ಲ ಮೇಲು ಎಂದು ನಾನು ಹೇಳಲಾರೆ. ನಮ್ಮ ಬಳಗದ ಇಪ್ಪತ್ತು ಜನರಲ್ಲಿ ಹದಿನೈದು ಜನ ಅರವತ್ತು ದಾಟಿದವರು. ಸ್ಪರ್ಧೆಯ ದಿನ ನೋಡಲು ಬರುವವರು ಇಲ್ಲವೇ ಇಲ್ಲ ಎನ್ನಬೇಕು. ವಿಮಾನ ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ ಬಿದ್ದರೆ, ಆಳೆತ್ತರದ ಬೆಳೆಯ ನಡುವೆ ದಿಕ್ಸೂಚಿ ಹಿಡಿದು ಒಬ್ಬನೇ ಹುಡುಕಬೇಕು. ಹೊಲದ ಒಡೆಯನ ಅನುಮತಿ ಇಲ್ಲದೆ ಕಾಲಿಡುವಂತೆಯೂ ಇಲ್ಲ. ಹೊಸ ಮಕ್ಕಳು ಬರುವುದಿಲ್ಲವೆಂಬ ಕೊರಗು ಪ್ರತಿ ವರ್ಷದ ಸಭೆಯಲ್ಲೂ ಕೇಳಿಬರುತ್ತದೆ. ಶಿಸ್ತು ಎಷ್ಟೇ ಇದ್ದರೂ ಮುಂದೆ ಅದನ್ನು ನಡೆಸಿಕೊಂಡು ಹೋಗುವ ಕೈಗಳು ಅಲ್ಲಿ ಕಡಿಮೆಯಾಗುತ್ತಿರುವುದನ್ನು ಕಂಡು ನನಗೆ ನೋವಾಗುತ್ತದೆ.

ಕಳೆದ ಚಳಿಗಾಲದಲ್ಲಿ ರಜೆಗೆ ಬಂದಾಗ, ಆಳಂದ ರಸ್ತೆಯ ಬದಿಯ ಒಂದು ಹೊಲದಲ್ಲಿ, ತೊಗರಿ ರಾಶಿ ಮುಗಿದ ಮೇಲೆ, ಮೂರು ಶಾಲೆಗಳ ಇಪ್ಪತ್ತಾರು ಮಕ್ಕಳನ್ನು ಸೇರಿಸಿ ಪಿ-30 ಸ್ಪರ್ಧೆಯನ್ನು ಮೊದಲ ಬಾರಿಗೆ ನಡೆಸಿದೆವು. ಏಳೂಕಾಲಕ್ಕೆ ಮೊದಲ ವಿಮಾನ ಹಾರಿತು. ಎಂಟರ ಹೊತ್ತಿಗೆ ರಸ್ತೆಯ ಮೇಲೆ ಹೋಗುವವರೆಲ್ಲ ಗಾಡಿ ನಿಲ್ಲಿಸಿ ಇಳಿದಿದ್ದರು, ಪಕ್ಕದ ಊರಿನ ಹೆಣ್ಣುಮಕ್ಕಳು ಬುತ್ತಿಗಂಟಿನೊಂದಿಗೇ ಬದುವಿನ ಮೇಲೆ ಕೂತಿದ್ದರು, ಇಂಡಿಯಾನಾದಲ್ಲಿ ಹತ್ತು ವರ್ಷಗಳಲ್ಲಿ ಕಾಣದಷ್ಟು ಜನರನ್ನು ಒಂದೇ ಬೆಳಗಿನಲ್ಲಿ ಕಂಡೆ. ಎರಡು ಹೊಲದಾಚೆ ಬಿದ್ದ ವಿಮಾನವನ್ನು ಹಿರಿಯ ರೈತರೊಬ್ಬರು ಎರಡೂ ಅಂಗೈಗಳ ಮೇಲಿಟ್ಟುಕೊಂಡು, ಎಳೆಗೂಸನ್ನು ತರುವಂತೆ ತಂದು, “ನಿಮ್ಮ ಇಮಾನ ನಮ್ಮ ಹೊಲದಾಗ ಬಿದ್ದಿತ್ರಿ, ರೆಕ್ಕಿ ಏನೂ ಮುರಿದಿಲ್ಲ ನೋಡ್ರಿ” ಎಂದರು. ಹೊಲದೊಳಗೆ ಏಕೆ ಬಂದಿರಿ ಎಂದು ಅಂದು ಯಾರೂ ಕೇಳಲಿಲ್ಲ.

ಆದರೆ ಅದೇ ಬೆಳಗ್ಗೆ ಜಗಳವೂ ಆಯಿತು. ಒಬ್ಬ ಹುಡುಗನ ವಿಮಾನ ಬೇವಿನ ಮರಗಳ ಹಿಂದೆ ಮರೆಯಾಯಿತು. ಹೊತ್ತು ಅಳೆಯುತ್ತಿದ್ದ ಬೇರೆ ಶಾಲೆಯ ಹುಡುಗಿ ಹತ್ತು ಸೆಕೆಂಡು ಕಾದು, ಕಳೆದು, 71 ಎಂದು ಬರೆದಳು. ಹುಡುಗನ ಕಡೆಯ ದೊಡ್ಡವರು ಬಂದು, “ಇನ್ನೂ ಹಾರ್ಲಾಕತ್ತಿತ್ತಲ್ಲವ್ವಾ, ನೂರಾದ್ರೂ ಹಾಕು” ಎಂದು ಒತ್ತಾಯಿಸಿದರು. ವಿಮಾನ ಆ ಹೊತ್ತಿನಲ್ಲಿ ನಿಜಕ್ಕೂ ಹಾರುತ್ತಿದ್ದಿರಬಹುದು. ಅವರ ಮಾತಿನಲ್ಲಿ ಮೋಸವಿರಲಿಲ್ಲ, ಮಗುವಿನ ಮೇಲಿನ ಕಕ್ಕುಲಾತಿ ಇತ್ತು. ಹುಡುಗಿ ಹಾಳೆ ತಿದ್ದಲಿಲ್ಲ. ತಪ್ಪು ನಮ್ಮದೇ ಆಗಿತ್ತು: ನಿಯಮಗಳನ್ನು ಮಕ್ಕಳಿಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದೆವು, ಮನೆಯವರಿಗೆ ಕನ್ನಡದಲ್ಲಿ ಅಚ್ಚುಹಾಕಿ ಕೊಟ್ಟಿರಲಿಲ್ಲ. ಸ್ಪರ್ಧೆಯನ್ನು ನೋಡಲು ಜನ ಬಾರದ ಊರಿನಲ್ಲಿ ಈ ತೊಂದರೆ ಇಲ್ಲ. ಜನ ಬರುವ ಊರಿನಲ್ಲಿ ನಿಯಮವು ನೋಡುವವರಿಗೂ ತಿಳಿದಿರಬೇಕಾಗುತ್ತದೆ.

ಜಾಗದ ವಿಷಯದಲ್ಲಿ ನಮ್ಮವರು ಇನ್ನಷ್ಟು ಎಚ್ಚರ ವಹಿಸಬೇಕು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ, 1996ರಲ್ಲಿ ರೂಪುಗೊಂಡ ಸೂರ್ಯಕಿರಣ ತಂಡದ ಮನೆಯೂ ಅದೇ. ನಮ್ಮ ಭಾಗದ ಎಷ್ಟೋ ಮಕ್ಕಳಿಗೆ ವಿಮಾನದ ಹುಚ್ಚು ಹಿಡಿಯುವುದೇ ಆ ಆಕಾಶವನ್ನು ನೋಡಿ. ಆದರೆ ಸ್ಪರ್ಧೆಗೆ ಬೀದರ್ ನಗರದ ಆಸುಪಾಸು ತಕ್ಕ ಜಾಗವಲ್ಲ ಎಂದು ಬಿಚ್ಚಿ ಹೇಳಬೇಕು. ಕಲಬುರಗಿಯಲ್ಲಿಯೂ 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿಯ ಬಳಿ ವಿಮಾನ ನಿಲ್ದಾಣ ಆರಂಭವಾಗಿದೆ. ರೇಡಿಯೊ ನಿಯಂತ್ರಣದ ವಿಮಾನಗಳನ್ನೂ ಸ್ಪರ್ಧೆಗೆ ಸೇರಿಸಿಕೊಳ್ಳುವುದಾದರೆ 2021ರ ಡ್ರೋನ್ ನಿಯಮಗಳನ್ನು ಓದಿಯೇ ಮುಂದಡಿ ಇಡಬೇಕು: ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಲಾಗಿದ್ದು, ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯವರೆಗೆ, ಅದರಾಚೆಯ ಹಸಿರು ವಲಯದಲ್ಲಿ 400 ಅಡಿಯವರೆಗೆ ಮಾತ್ರ ಮುಂಗಡ ಅನುಮತಿಯಿಲ್ಲದೆ ಹಾರಿಸಬಹುದು. ರಬ್ಬರಿನ ಪುಟ್ಟ ವಿಮಾನಕ್ಕೆ ಇಷ್ಟೆಲ್ಲ ಏಕೆ ಎನ್ನಬಹುದು. ಕೈಬಿಟ್ಟ ಮೇಲೆ ಅದನ್ನು ತಿರುಗಿಸಲು ನಮ್ಮ ಬಳಿ ಏನೂ ಇಲ್ಲ ಎಂಬ ಕಾರಣಕ್ಕೇ ಅದನ್ನು ನಿಲ್ದಾಣದಿಂದ ಇನ್ನೂ ದೂರ ಇಡಬೇಕು. ಆಳಂದ ರಸ್ತೆಯನ್ನು ನಾವು ಆರಿಸಿದ್ದು ಇದಕ್ಕಾಗಿ. ಪೊಲೀಸ್ ಠಾಣೆಗೂ ಗ್ರಾಮ ಪಂಚಾಯಿತಿಗೂ ಮುಂಚಿತವಾಗಿ ಪತ್ರ ಕೊಟ್ಟಿದ್ದೆವು.

ಬಿಸಿಗಾಳಿಯ ಕಂಬಕ್ಕೆ ಸಿಕ್ಕ ವಿಮಾನ ರಬ್ಬರ್ ಮುಗಿದರೂ ಇಳಿಯದೆ, ಹದ್ದಿನಂತೆ ಸುತ್ತುತ್ತ ಏರಿ ಕಣ್ಮರೆಯಾಗುವುದುಂಟು. ಅದನ್ನು ಇಳಿಸಲು, ಗೊತ್ತುಪಡಿಸಿದ ಹೊತ್ತಾದೊಡನೆ ಬಾಲದ ರೆಕ್ಕೆ ತಾನಾಗಿ ಮೇಲಕ್ಕೆ ಮಡಚಿಕೊಳ್ಳುವ ಏರ್ಪಾಡು ಮಾಡುತ್ತಾರೆ. ಹಳೆಯ ಕಾಲದಲ್ಲಿ ಉರಿಯುವ ಬತ್ತಿಯೊಂದು ರಬ್ಬರ್ ಬಳೆಯನ್ನು ಸುಟ್ಟು ಬಾಲವನ್ನು ಬಿಡಿಸುತ್ತಿತ್ತು. ಹುಲ್ಲು ಹಸಿರಾಗಿರುವ ಸೀಮೆಯಲ್ಲಿ ಅದು ನಡೆದೀತು. ಕಣಿಕೆಯ ಬಣಮೆಗಳು ಹೊಲಕ್ಕೊಂದು ನಿಂತಿರುವ ನಮ್ಮ ಫೆಬ್ರುವರಿಯಲ್ಲಿ ಕಿಡಿಯಿರುವ ಯಾವುದನ್ನೂ ಗಾಳಿಗೆ ಬಿಡಬಾರದು. ಒಂದು ಬಣಮೆ ಸುಟ್ಟರೆ ಒಂದು ಮನೆಯ ದನಗಳ ವರ್ಷದ ಮೇವು ಹೋಯಿತು. ನಮ್ಮ ಹಾಳೆಯಲ್ಲಿ ಬತ್ತಿಗೆ ಸಂಪೂರ್ಣ ನಿಷೇಧ, ಸಣ್ಣ ಯಾಂತ್ರಿಕ ಟೈಮರ್‌ಗೆ ಮಾತ್ರ ಅನುಮತಿ ಎಂದು ಬರೆದಿದ್ದೇವೆ. ಬೇರೆ ನಾಡಿನ ನಿಯಮವನ್ನು ತರುವಾಗ ಅದು ಯಾವ ನೆಲದಲ್ಲಿ ಹುಟ್ಟಿದ್ದು ಎಂದು ಕೇಳಬೇಕಾಗುತ್ತದೆ.

ಸಾಮಗ್ರಿಯಲ್ಲಿಯೂ ಹೀಗೆಯೇ. ಅಲ್ಲಿ ಎಲ್ಲವೂ ಬಾಲ್ಸಾ ಮರ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಬರುವ ಆ ಹಗುರ ಮರ ನಮ್ಮಲ್ಲಿ ದುಬಾರಿ. ಮಕ್ಕಳು ಥರ್ಮಾಕೋಲ್ ಹಾಳೆ, ಬಿದಿರಿನ ಕಡ್ಡಿ ಬಳಸಿದರು. ಒಬ್ಬ ಬಾಲಕ ಜೋಳದ ದಂಟಿನ ಬೆಂಡಿನಿಂದ ರೆಕ್ಕೆಯ ಪಕ್ಕೆಲುಬುಗಳನ್ನು ಮಾಡಿದ್ದ. ನಾವು ಚಿಕ್ಕವರಿದ್ದಾಗ ಅದೇ ದಂಟಿನಿಂದ ಎತ್ತು, ಬಂಡಿ ಮಾಡುತ್ತಿದ್ದೆವು. ಅದು ರೆಕ್ಕೆಯೂ ಆದೀತೆಂದು ನನಗೆ ಹೊಳೆದಿರಲಿಲ್ಲ. ಅವನ ವಿಮಾನ 58 ಸೆಕೆಂಡು ಹಾರಿತು. ಸುತ್ತುವಾಗ ರಬ್ಬರಿನ ಎಳೆಗಳು ಒಂದಕ್ಕೊಂದು ಉಜ್ಜಿ ಹರಿಯದಂತೆ ಎಣ್ಣೆ ಸವರಬೇಕು. ಅದಕ್ಕೆ ಮನೆಯ ಔಡಲೆಣ್ಣೆಯೇ ಸಾಕಾಯಿತು.

ನನ್ನ ದೊಡ್ಡಪ್ಪ ಕಣದಲ್ಲಿ ರಾಶಿ ಮಾಡುವಾಗ ಗಾಳಿಗಾಗಿ ತಾಸುಗಟ್ಟಲೆ ಸುಮ್ಮನೆ ಕಾಯುತ್ತಿದ್ದರು. ಬಂದ ಕ್ಷಣ ಮೊರ ಎತ್ತುತ್ತಿದ್ದರು, ಆಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಜನ ಬಾಳಿನಲ್ಲಿ ಕಂಡು ಆಡಿದ ಮಾತು. ವಿಮಾನ ಹಾರಿಸುವವರಿಗೆ ಗಾಳಿ ಬರುವ ಮೊದಲಿನ ಹೊತ್ತು ಬೇಕು ಎಂಬುದೊಂದೇ ವ್ಯತ್ಯಾಸ. ಆದ್ದರಿಂದ ಹೊತ್ತಿನ ಶಿಸ್ತನ್ನು ಅಮೆರಿಕದಿಂದ ತರಬೇಕೆಂದು ನಾನು ವಾದಿಸುವುದಿಲ್ಲ. ಅದು ನಮ್ಮ ಕಣದಲ್ಲಿ ಇತ್ತು. ವೇದಿಕೆ ಹತ್ತಿದಾಗ ಅದನ್ನು ಮರೆತೆವು.

ಸನ್ಮಾನವನ್ನೂ ಗಣ್ಯರನ್ನೂ ಬಿಟ್ಟುಬಿಡಿ ಎಂದು ಕೇಳುವವನೂ ನಾನಲ್ಲ. ನಮ್ಮಲ್ಲಿ ಊರಿನ ಹಿರಿಯರು ತಲೆ ಸವರಿ ಬಹುಮಾನ ಕೊಟ್ಟರೆ ಮಗುವಿಗೆ ಅದರ ತೂಕವೇ ಬೇರೆ. ಇಂಡಿಯಾನಾದಲ್ಲಿ ಗೆದ್ದವನು ಒಂದು ಕಟ್ಟು ಬಾಲ್ಸಾ ಹಿಡಿದು ಕಾರು ಹತ್ತುವಾಗ ಏನೋ ಕಡಿಮೆಯಾಯಿತೆಂದೇ ನನಗೆ ಅನಿಸುತ್ತದೆ. ಹಾರಾಟಗಳೆಲ್ಲ ಒಂಬತ್ತೂವರೆಗೆ ಮುಗಿಯಲಿ, ಆಮೇಲೆ ಸಭೆಯಾಗಲಿ, ರೊಟ್ಟಿ ಊಟವಾಗಲಿ. ನಗದು ಬಹುಮಾನವನ್ನು ಮಾತ್ರ ಇಡಬಾರದೆಂದು ಕೇಳಿಕೊಂಡಿದ್ದೇನೆ, ಏಕೆಂದರೆ ಹಣ ಬಂದರೆ ಮಕ್ಕಳ ಕೈಯಲ್ಲಿ ಸ್ಟಾಪ್‌ವಾಚ್ ಕೊಡಲು ದೊಡ್ಡವರು ಹೆದರುತ್ತಾರೆ.

ಮುಂದಿನ ಫೆಬ್ರುವರಿಯ ಎರಡನೆಯ ಭಾನುವಾರಕ್ಕೆ ದಿನ ಗೊತ್ತಾಗಿದೆ, ಮುಂದೆಯೂ ಪ್ರತಿ ವರ್ಷ ಅದೇ ಭಾನುವಾರ. ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿದ ನಿಯಮಗಳನ್ನು ಮೂರೂ ಶಾಲೆಗಳಿಗೆ ಕಳುಹಿಸಿದ್ದೇನೆ. ಹತ್ತು ಸೆಕೆಂಡಿನ ನಿಯಮವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಮೊದಲ ಹಾರಾಟ ಬೆಳಗಿನ ಏಳೂಕಾಲು ಗಂಟೆಗೆ ಎಂಬುದು ಮೊದಲ ಸಾಲು. ಸಭೆಯ ಹೊತ್ತನ್ನು ಊರಿನವರು ತಮಗೆ ಅನುಕೂಲವಾದಂತೆ ಬರೆದುಕೊಳ್ಳಲೆಂದು ಖಾಲಿ ಬಿಟ್ಟಿದ್ದೇನೆ.