ಕಾಗದ ಕೇಳುತ್ತಾರೆ, ಕೊಟ್ಟರೆ ಓದುವುದಿಲ್ಲ

ಗುರುತು ಪರಿಚಯ ಇಲ್ಲದವರ ಜೊತೆ ಫೋನಿನ ಗುಂಪುಗಳಲ್ಲಿ ವಾದ ಮಾಡಬೇಡ ಅಂತ ಮನೆಯವರು ಹೇಳುತ್ತಲೇ ಇರುತ್ತಾರೆ. ಆದರೆ ಆ ಜನ ವಾದ ಮಾಡುತ್ತಿರುವುದು ನಮ್ಮ ಮನೆಯ ಹಿಂದಿನ ಗುಡ್ಡದ ಬಗ್ಗೆ. ನಮ್ಮ ಜಾಗದ ಬಗ್ಗೆ, ನಮ್ಮ ಹೊಳೆಯ ಬಗ್ಗೆ. ಸುಮ್ಮನಿರುವುದು ಹೇಗೆ?

ನಮ್ಮದು ಕೊಡಗಿನ ಮಾದಾಪುರದ ಕಡೆ. ಸಣ್ಣ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಅಷ್ಟೇ. 2018ರ ಆಗಸ್ಟಿನ ಮಳೆಗೆ ಗುಡ್ಡಗಳು ಜಾರಿ ಏನಾಯಿತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು. ಈ ಹೆಸರುಗಳು ಸಾಕು. ಆದರೆ ಮಳೆಗಾಲ ಶುರುವಾದರೆ ಎಲ್ಲೆಲ್ಲಿಂದಲೋ ಜನ ಬಂದು ಅದನ್ನು ನಮಗೇ ಹೇಳಿಕೊಡಲು ನಿಲ್ಲುತ್ತಾರೆ. ಮಡಿಕೇರಿಯಲ್ಲಿ ಆವತ್ತು ಮನೆಯೊಂದು ಜಾರಿ ಕೆಳಗೆ ಹೋದ ವಿಡಿಯೋ ಇದೆಯಲ್ಲ, ಅದನ್ನೇ ಮತ್ತೆ 'ಇವತ್ತು ಬೆಳಗ್ಗೆ' ಅಂತ ಬರೆದು ಹಾಕುತ್ತಾರೆ. ದುಬೈಯಲ್ಲಿರುವ ಮಕ್ಕಳು ಗಾಬರಿಯಾಗಿ ಊರಿಗೆ ಫೋನ್ ಮಾಡುತ್ತಾರೆ. ಇಲ್ಲಿ ಕರೆಂಟ್ ಇಲ್ಲ, ಟವರ್ ಇಲ್ಲ, ಫೋನ್ ಹೋಗುವುದಿಲ್ಲ. ಆ ಮಕ್ಕಳ ಸಂಕಟ ವಿಡಿಯೋ ಹಾಕಿದವನಿಗೆ ಏನು ಗೊತ್ತು?

ಅದು ಹಳೆಯ ವಿಡಿಯೋ ಅಂತ ಹೇಳಿದರೆ ವಾದ ಶುರು. ಹಳೆಯದಾದರೆ ಏನಂತೆ, ಭೂಕಂಪದಿಂದ ಆಗಿದ್ದು ನಿಜ ತಾನೇ ಅನ್ನುತ್ತಾರೆ.

ನಿಜ ಅಲ್ಲ. 2018ರ ಜುಲೈ 9ಕ್ಕೆ ಕೊಡಗಿನಲ್ಲಿ ಭೂಮಿ ನಡುಗಿದ್ದು ಹೌದು. ತೀವ್ರತೆ 3.4. ಗುಡ್ಡ ಜಾರಿದ್ದು ಆಗಸ್ಟ್ ಮಧ್ಯದಲ್ಲಿ, ತಿಂಗಳು ದಾಟಿದ ಮೇಲೆ. ಭೂಕಂಪದ ಅಳತೆಯಲ್ಲಿ ಒಂದು ಅಂಕಿ ಮೇಲೆ ಹೋದರೆ ಶಕ್ತಿ ಸುಮಾರು 32 ಪಟ್ಟು ಆಗುತ್ತದೆ. 3.4ಕ್ಕೂ 6.4ಕ್ಕೂ ನಡುವೆ ಬರೀ 3 ಅಂಕಿ ಅಂತ ಕಾಣುತ್ತದೆ, ಶಕ್ತಿಯ ಲೆಕ್ಕದಲ್ಲಿ ವ್ಯತ್ಯಾಸ 30,000 ಪಟ್ಟಿಗೂ ಮೇಲೆ. ಕಂಪನದಿಂದಲೇ ಗುಡ್ಡ ಜಾರಬೇಕಾದರೆ ಸಾಮಾನ್ಯವಾಗಿ ತೀವ್ರತೆ 4 ಆದರೂ ಇರಬೇಕು.

ಹಾಗಾದರೆ ಜಾರಿದ್ದು ಏಕೆ? ಮಣ್ಣಿನ ಕಣಗಳ ನಡುವೆ ಸಂದು ಇರುತ್ತದೆ. ಹಗಲು ರಾತ್ರಿ ಬಿಡದೆ ಸುರಿದರೆ ಆ ಸಂದಿನಲ್ಲೆಲ್ಲ ನೀರು ತುಂಬುತ್ತದೆ. ನೀರು ಒಳಗಿನಿಂದ ಒತ್ತುತ್ತದೆ, ಕಣಕ್ಕೂ ಕಣಕ್ಕೂ ಇರುವ ಹಿಡಿತ ಸಡಿಲ ಆಗುತ್ತದೆ. ಮೇಲಿನ ಮಣ್ಣಿನ ಭಾರವೂ ಏರುತ್ತದೆ. ಅಂಥ ಹೊತ್ತಿನಲ್ಲಿ ಬುಡವನ್ನು ಜೆಸಿಬಿ ತಂದು ನೆಟ್ಟಗೆ ಕಡಿದಿದ್ದರೆ, ನೀರು ಹರಿಯುವ ತೋಡಿಗೆ ಮಣ್ಣು ತುಂಬಿ ಮೇಲೆ ಕಟ್ಟಡ ಎಬ್ಬಿಸಿದ್ದರೆ, ಆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ನಿಲ್ಲುವುದು ಯಾವ ಆಧಾರದ ಮೇಲೆ? ಜಿಯಾಲಜಿಕಲ್ ಸರ್ವೇ ಆಫ್ ಇಂಡಿಯಾದವರು ಬಂದು ನೋಡಿ ಹೇಳಿದ್ದೂ ಇದನ್ನೇ. ವಿಪರೀತ ಮಳೆ, ಅದರ ಜೊತೆ ಮನೆ, ರಸ್ತೆ ಅಂತ ಇಳಿಜಾರನ್ನು ಬೇಕಾದ ಹಾಗೆ ಕಡಿದದ್ದು.

ಇಷ್ಟನ್ನೂ ಬರೆದೆ. ಬಂದ ಉತ್ತರ ಒಂದೇ ಸಾಲು: 'ಆಧಾರ ಎಲ್ಲಿ?' ಆಧಾರ ಕೊಟ್ಟೆ. 'ಅದು ಸರ್ಕಾರದ ವರದಿ, ನಂಬುವುದಿಲ್ಲ' ಅಂದ. ಸರಿ, ನಂಬಬೇಡ. ಆದರೆ ಅದೇ ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಸರ್ಕಾರಿ ಇಲಾಖೆಯ ಹೇಳಿಕೆ ತಂದು ನನ್ನ ಮುಖಕ್ಕೆ ಹಿಡಿದ. ಅದು ಅವನಿಗೆ ಬೇಕಾದ ಹಾಗೆ ಇತ್ತು, ಅದಕ್ಕೆ. ನನಗೆ ಸಿಟ್ಟು ಬರುವುದು ಇಲ್ಲಿ. ಆಧಾರ ಕೇಳುವುದು ತಿಳಿದುಕೊಳ್ಳುವುದಕ್ಕಲ್ಲ. ಎದುರಿನವರಿಗೆ ಕೆಲಸ ಹಚ್ಚಿ ಸುಸ್ತು ಮಾಡುವುದಕ್ಕೆ. ನಾನು ಹುಡುಕಿ, ಓದಿ, ಅರ್ಥ ಮಾಡಿಕೊಂಡು, ತಪ್ಪಿಲ್ಲದೆ ಟೈಪ್ ಮಾಡಿ ಕಳಿಸಬೇಕು. ಅವನು ಅರ್ಧ ನಿಮಿಷದಲ್ಲಿ ಇನ್ನೊಂದು ಪ್ರಶ್ನೆ ಎಸೆದು ಹೋಗುತ್ತಾನೆ.

ಒಳ್ಳೆಯ ಪ್ರಶ್ನೆ ಕೇಳುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಒಬ್ಬರು ಕೇಳಿದರು, 'ಮನೆ ರಸ್ತೆ ಏನೂ ಇಲ್ಲದ ಕಡೆಯೂ ಗುಡ್ಡ ಕುಸಿದಿದೆಯಲ್ಲ, ಅದಕ್ಕೇನು ಹೇಳುತ್ತೀರಿ?' ಸರಿಯಾದ ಪ್ರಶ್ನೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯಿತು. ಮಳೆ ಕಾರಣವಾ, ಮೇಲೆ ತೋಡಿದ್ದ ಇಂಗುಗುಂಡಿಗಳೂ ಕಾರಣವಾ ಅಂತ ನಮ್ಮ ಜಿಲ್ಲೆಯಲ್ಲೇ ದೊಡ್ಡ ಚರ್ಚೆ ಆಯಿತು. ಇಂಥದ್ದರ ಬಗ್ಗೆ ರಾತ್ರಿಯಿಡೀ ಮಾತಾಡಲು ನಾನು ಸಿದ್ಧ. ಆದರೆ ಆ ಪ್ರಶ್ನೆಯ ಕೆಳಗೆ ನೋಡನೋಡುತ್ತಲೇ ಬೈಗುಳದ ರಾಶಿ ಬಿತ್ತು. ಕೇಳಿದವರೇ ಬೇಜಾರಾಗಿ ಎದ್ದು ಹೋದರು.

ಮಳೆಯ ವಿಷಯವನ್ನೇ ತೆಗೆದುಕೊಳ್ಳಿ. ಕೊಡಗಿನ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ನಮ್ಮಲ್ಲೂ ಅಜ್ಜನ ಕಾಲದಿಂದ ಆ ಪುಸ್ತಕ ಇದೆ. ಬೆಳಗ್ಗೆ ಎದ್ದು ಅಳೆಯುವುದು, ಬರೆಯುವುದು. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು ಅನ್ನುವುದರ ಮೇಲೆ ವರ್ಷದ ಫಸಲು ನಿಂತಿದೆ, ತಪ್ಪು ಬರೆದರೆ ನಷ್ಟ ನಮಗೇ. ಅದರ ಒಂದು ಪುಟದ ಫೋಟೋ ಹಾಕಿದರೆ ಒಬ್ಬ ಹೇಳುತ್ತಾನೆ, ನನ್ನ ಆ್ಯಪ್‌ನಲ್ಲಿ ಇಷ್ಟು ಮಳೆ ತೋರಿಸುತ್ತಿಲ್ಲ, ನೀವು ಸುಳ್ಳು ಬರೆದಿದ್ದೀರಿ! ಇಡೀ ಜಿಲ್ಲೆಗೆ ಒಂದು ಅಂಕಿ ನೋಡಿಕೊಂಡು ಮಾತಾಡುವವನಿಗೆ ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ ಇದೆ ಅನ್ನುವುದು ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು. ಸುಳ್ಳುಗಾರ ಅನ್ನುವ ಅಧಿಕಾರ ಅವನಿಗೆ ಯಾರು ಕೊಟ್ಟರು?

ಇನ್ನು ಕಸ್ತೂರಿರಂಗನ್ ವರದಿ. ಪಶ್ಚಿಮ ಘಟ್ಟದ ಯಾವ ಯಾವ ಜಾಗ ಪರಿಸರ ಸೂಕ್ಷ್ಮ ಅಂತ ಗುರುತಿಸಿದ ವರದಿ ಅದು. ಇದರಲ್ಲಿ ಹೊರಗಿನವರು ಒಂದು ಕಡೆಯಿಂದ, ನಮ್ಮವರು ಇನ್ನೊಂದು ಕಡೆಯಿಂದ ಸುಳ್ಳು ಹೇಳುತ್ತಾರೆ. ನನಗೆ ಎರಡೂ ಕಡೆಯಿಂದ ಏಟು.

ಬೆಂಗಳೂರಿನಲ್ಲಿ ಕೂತವನು ಬರೆಯುತ್ತಾನೆ, 'ಕೊಡಗಿನವರು ದುಡ್ಡಿನಾಸೆಗೆ ಕಾಡು ಕಡಿದರು, ಅನುಭವಿಸಲಿ.' ಅನುಭವಿಸಲಿ! ಮನೆಮಠ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿ ಮಲಗಿದವರಿಗೆ ಹೇಳುವ ಮಾತಾ ಇದು? ವಾರದ ಕೊನೆಗೆ ಹೋಂಸ್ಟೇ ಹುಡುಕಿಕೊಂಡು ಕಾರಿನ ಸಾಲು ಬರುವುದು ಯಾವ ಊರಿಂದ? ಆ ಹೋಂಸ್ಟೇಗಾಗಿ ಬರೆ ಕಡಿದವರಲ್ಲಿ ನಮ್ಮವರೂ ಇದ್ದಾರೆ, ಹೊರಗಿನಿಂದ ಜಾಗ ಕೊಂಡವರೂ ಇದ್ದಾರೆ. ಜಾರಿದ ಮಣ್ಣು ಬಿದ್ದದ್ದು ಮಾತ್ರ ಜಾಸ್ತಿ ಬಡವರ ಮನೆ ಮೇಲೆ.

ನಮ್ಮವರದ್ದು ಬೇರೆ ಕಥೆ. ವರದಿ ಬಂದರೆ ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರಂತೆ. ಕಾಫಿ ಬೆಳೆಯುವ ಹಾಗಿಲ್ಲವಂತೆ. ಮನೆ ರಿಪೇರಿಗೂ ದೆಹಲಿಯ ಅಪ್ಪಣೆ ಬೇಕಂತೆ. ಆ ವರದಿಯ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ಓದಿ ನೋಡಿ. ಅದರಲ್ಲಿ ನಿಷೇಧ ಅಂತ ಇರುವುದು ಗಣಿ, ಕಲ್ಲು ಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಅಂದರೆ ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, 20,000 ಚದರ ಮೀಟರಿಗೆ ಮೇಲಿನ ಕಟ್ಟಡ, ದೊಡ್ಡ ಟೌನ್‌ಶಿಪ್. ಈಗಿರುವ ಮನೆ ರಿಪೇರಿ ಮಾಡಬಹುದು. ಜಾಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಕ್ಕೆ ತಡೆ ಇಲ್ಲ. ಇನ್ನೊಂದು ವಿಷಯ, ಅದು ಇನ್ನೂ ಕರಡು. 2014ರಲ್ಲಿ ಮೊದಲನೆಯದು ಬಂತು. 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ, ಬಂದದ್ದು 6ನೆಯದು. ಆ ಸೆಪ್ಟೆಂಬರಿನಲ್ಲಿ ರಾಜ್ಯದ ಸಂಪುಟ ವರದಿ ಬೇಡ ಅಂತ ತೀರ್ಮಾನಿಸಿತು. ಹೀಗಿರುವಾಗ 'ಪಾರ್ಲಿಮೆಂಟಿನಲ್ಲಿ ಪಾಸಾಗಿದೆ' ಅಂತ ಎದೆ ತಟ್ಟಿ ಹೇಳುವವರು ಇದ್ದಾರಲ್ಲ, ಅವರ ಧೈರ್ಯ ಎಲ್ಲಿಂದ ಬರುತ್ತದೋ.

ವಿರೋಧ ಮಾಡಬಾರದು ಅಂತಲ್ಲ. ವಿರೋಧ ಮಾಡುವುದಕ್ಕೆ ನ್ಯಾಯವಾದ ಕಾರಣಗಳೇ ಇವೆ. ಒಂದು ಗ್ರಾಮದ 20 ಪರ್ಸೆಂಟ್ ಜಾಗ ಸೂಕ್ಷ್ಮ ಅಂತ ಬಂದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಇದು ಸರಿಯಾ ಅಂತ ಕೇಳಬಹುದು. ಮರದ ನೆರಳಿನ ಕಾಫಿ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನ ಹಾಗೆ ಕಾಣುತ್ತದೆ ಅನ್ನುವ ತಕರಾರು ನಮ್ಮ ಜಿಲ್ಲೆಯದ್ದೇ. ಕರಡು ಬಂದಾಗ ಆಕ್ಷೇಪಣೆ ಕೊಡಲು 60 ದಿನ ಇರುತ್ತದೆ. ಆ ದಿನಗಳಲ್ಲಿ ಕೂತು ಸರ್ವೆ ನಂಬರ್ ಸಮೇತ ಆಕ್ಷೇಪಣೆ ಬರೆಯುವುದು ಬಿಟ್ಟು, ಒಕ್ಕಲೆಬ್ಬಿಸುತ್ತಾರೆ ಅನ್ನುವ ಸುಳ್ಳನ್ನು ಗುಂಪಿನಿಂದ ಗುಂಪಿಗೆ ದೂಡಿದರು. ನಮ್ಮ ಪಕ್ಕದ ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಮುದುಕಿ ನನ್ನನ್ನು ಕೇಳಿದರು, 'ನಮ್ಮನ್ನು ಎಲ್ಲಿಗೆ ಕಳಿಸುತ್ತಾರೆ?' ಅಂತ. ಅವರ ಆ ಹೆದರಿಕೆಗೆ ಹೊಣೆ ಯಾರು?

ಇದನ್ನು ಬರೆದಾಗ ಏನಾಗುತ್ತದೆ ಗೊತ್ತಾ? ನಾನು ಹೇಳಿದ್ದು ಸರಿಯಾ ತಪ್ಪಾ ಅಂತ ಯಾರೂ ನೋಡುವುದಿಲ್ಲ. ಮೊದಲು ಮನೆ ಹೆಸರು ಕೇಳುತ್ತಾರೆ. ಯಾವ ಜನ ಅಂತ ತಿಳಿಯಬೇಕಲ್ಲ. ಆಮೇಲೆ ಯಾವ ಪಕ್ಷ. ಅದೂ ಗೊತ್ತಾಗದಿದ್ದರೆ ಎಷ್ಟು ದುಡ್ಡು ತಗೊಂಡಿದ್ದೀ ಅಂತ. 20 ಪರ್ಸೆಂಟಿನ ಲೆಕ್ಕಕ್ಕೂ ನನ್ನ ಮನೆ ಹೆಸರಿಗೂ ಏನು ಸಂಬಂಧ?

ಕಾನೂನಿನ ವಿಷಯದಲ್ಲೂ ಇದೇ ಗೋಳು. ಕೊಡಗಿನಲ್ಲಿ ಯಾರು ಬೇಕಾದರೂ ಯಾವ ಕೋವಿ ಬೇಕಾದರೂ ಇಟ್ಟುಕೊಳ್ಳಬಹುದು ಅಂತ ಒಬ್ಬ. ಅದೆಲ್ಲ ಕೋರ್ಟ್ ರದ್ದು ಮಾಡಿದೆ ಅಂತ ಇನ್ನೊಬ್ಬ. ಎರಡೂ ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕಿದೆ. ಅದರ ಪ್ರಕಾರ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಷರತ್ತುಗಳೂ ಇವೆ. ಜಮ್ಮಾ ಅಂದರೆ ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಜಮೀನು, ಅದರ ಹಿಡುವಳಿದಾರ ಅಂದರೆ ಒಂದೇ ಜನಾಂಗ ಅಂತಲ್ಲ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿ ಹಿಡಿಯಿತು. ಈಗಿರುವುದು 2029ರ ಅಕ್ಟೋಬರ್ ತನಕ. ವಿನಾಯಿತಿ ಬೇಕಾ ಬೇಡವಾ ಅಂತ ಎಷ್ಟು ಬೇಕಾದರೂ ಜಗಳ ಆಡೋಣ, ಮೊದಲು ಇರುವುದೇನು ಅಂತ ತಿಳಿದುಕೊಳ್ಳಿ ಅಂದೆ. ಅವರಲ್ಲಿ ಒಬ್ಬ ಮಹಾನುಭಾವ ನನ್ನ ಮೇಲೆ '66ಎ ಅಡಿ ಕೇಸ್ ಹಾಕಿಸುತ್ತೇನೆ' ಅಂತ ಹೆದರಿಸಿದ. ಆನ್‌ಲೈನಿನಲ್ಲಿ ಬರೆದದ್ದಕ್ಕೆ ಕೇಸ್ ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೇ ರದ್ದು ಮಾಡಿದೆ. ಸತ್ತು ಹೋದ ಕಲಂ ಹಿಡಿದುಕೊಂಡು ಜನರನ್ನು ಹೆದರಿಸುತ್ತಾರೆ, ಗೊತ್ತಿಲ್ಲದವರು ಹೆದರಿ ಸುಮ್ಮನಾಗುತ್ತಾರೆ.

ಕಾವೇರಿ ಬಗ್ಗೆ ಬರೆಯಲು ಹೊರಟರೆ ಇವತ್ತು ಮುಗಿಯುವುದಿಲ್ಲ. ನಮ್ಮ ಜಿಲ್ಲೆಯ ಹಾರಂಗಿ ಅಣೆಕಟ್ಟಿನಲ್ಲಿ ಹಿಡಿಯುವುದು ಸುಮಾರು 8.5 ಟಿಎಂಸಿ, ಕೆಳಗಿನ ಕೆಆರ್‌ಎಸ್‌ನಲ್ಲಿ 49 ಟಿಎಂಸಿಗೂ ಮೇಲೆ.  ಈ ಎರಡು ಅಂಕಿ ಗೊತ್ತಿಲ್ಲದೆ 'ಕೊಡಗಿನವರು ನೀರು ತಡೆದಿಟ್ಟುಕೊಂಡಿದ್ದಾರೆ' ಅನ್ನುವವರಿಗೆ ಏನು ಹೇಳಲಿ?

ಆದರೆ ಇವತ್ತು ಇದನ್ನು ಬರೆಯಲು ಕೂರಿಸಿದ್ದು ಇದ್ಯಾವುದೂ ಅಲ್ಲ. ಮೊನ್ನೆ ಒಬ್ಬ ಹೆಣ್ಣುಮಗಳು ಬರೆದಿದ್ದರು. 2018ರಲ್ಲಿ ಮನೆ ಕಳೆದುಕೊಂಡವರು. ಮೊದಲು ಒರತೆಯ ನೀರು ಕೆಂಪಾಯಿತು, ಆಮೇಲೆ ಅಂಗಳದಲ್ಲಿ ಬಿರುಕು ಕಂಡಿತು, ಬಟ್ಟೆಯನ್ನೂ ತೆಗೆದುಕೊಳ್ಳದೆ ಮಕ್ಕಳನ್ನು ಎತ್ತಿಕೊಂಡು ಓಡಿದೆವು ಅಂತ. ನಾಲ್ಕೇ ಸಾಲು. ಗುಡ್ಡದ ಬುಡದಲ್ಲಿ ಇರುವ ಪ್ರತಿಯೊಬ್ಬರೂ ಓದಬೇಕಾದ ನಾಲ್ಕು ಸಾಲು ಅದು. ನೀರಿನ ಬಣ್ಣ ಬದಲಾಗುವುದು, ನೆಲ ಬಿರಿಯುವುದು, ಮರ ವಾಲುವುದು, ಇವು ಗುಡ್ಡ ಜಾರುವ ಮೊದಲಿನ ಗುರುತುಗಳು. ಅದನ್ನು ಓದಿ ಇನ್ನೊಂದು ಮನೆಯವರು ಜೀವ ಉಳಿಸಿಕೊಳ್ಳಬಹುದು.

ಅವರಿಗೆ ಏನು ಸಿಕ್ಕಿತು ಗೊತ್ತಾ? 'ಕಥೆ ಕಟ್ಟಬೇಡಿ' ಅಂದರು. 'ಪರಿಹಾರದ ದುಡ್ಡು ಸಾಲಲಿಲ್ವಾ' ಅಂದರು. 'ಆಧಾರ ಎಲ್ಲಿ, ಫೋಟೋ ಎಲ್ಲಿ' ಅಂದರು. ಮಕ್ಕಳನ್ನು ಎತ್ತಿಕೊಂಡು ಓಡುವವರು ಫೋಟೋ ತೆಗೆಯುತ್ತಾರಾ? ರಾತ್ರಿಯೊಳಗೆ ಅವರು ಬರೆದದ್ದನ್ನು ಅಳಿಸಿಬಿಟ್ಟರು.

ಬೈದವರ ಬಗ್ಗೆ ಹೇಳಿದ್ದು ಸಾಕು. ನನ್ನ ಸಿಟ್ಟು ಈಗ ನಿಮ್ಮ ಮೇಲೆ. ನೀವು ಅಂದರೆ, ಎಲ್ಲ ಗೊತ್ತಿದ್ದೂ ನೋಡುತ್ತಾ ಕೂತವರು. ಇಂಜಿನಿಯರ್ ಇದ್ದೀರಿ, ವಕೀಲರು ಇದ್ದೀರಿ, ಭೂಗೋಳ ಪಾಠ ಮಾಡಿದ ಮೇಷ್ಟ್ರು ಇದ್ದೀರಿ. ವಾದ ಮುಗಿದ ಮೇಲೆ ನನಗೊಬ್ಬನಿಗೇ ಮೆಸೇಜ್ ಕಳಿಸುತ್ತೀರಿ, 'ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾವು ಅಲ್ಲಿ ಬರೆದರೆ ಸುಮ್ನೆ ತೊಂದರೆ' ಅಂತ. ಆ ಹೆಣ್ಣುಮಗಳನ್ನು ಸುಳ್ಳಿ ಅಂತ ಕರೆಯುವಾಗ ನಿಮ್ಮಲ್ಲಿ ಒಬ್ಬರು, ಒಬ್ಬರೇ ಒಬ್ಬರು, 'ಇವರು ಹೇಳುತ್ತಿರುವುದು ನಿಜ, ನೀರು ಕೆಂಪಾಗುವುದು ಅಪಾಯದ ಗುರುತು' ಅಂತ ಬರೆದಿದ್ದರೆ ಅವರು ಅಳಿಸುತ್ತಿರಲಿಲ್ಲ. ನನಗೆ ಗುಟ್ಟಾಗಿ ಶಾಭಾಸ್ ಕಳಿಸಬೇಡಿ. ನನಗೆ ಅದು ಬೇಡ. ಅಲ್ಲಿ, ಅವರ ಮಾತಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ.