ರಿಪೇರಿಯಾ, ಹೊಸತಾ? ಅಡ್ಡಿಲ್ಲ!

ಜೂನ್ ತಿಂಗಳ ಒಂದು ರಾತ್ರಿ ಗಾಳಿಗೆ ನಮ್ಮ ಕಾಟು ಮಾವಿನ ಮರದ ದೊಡ್ಡ ಗೆಲ್ಲೊಂದು ಮುರಿದು ಗೇಟಿಗೆ ಅಡ್ಡ ಬಿತ್ತು. ಬೆಳಿಗ್ಗೆ ನೋಡಿದರೆ ಕಾರು ಒಳಗೆ, ರಸ್ತೆ ಹೊರಗೆ, ನಡುವೆ ಮಾವು. ಹೆಂಡತಿ ತಲೆಗೆ ಕೈ ಹಚ್ಚಿದಳು. ನನಗೆ ಮಾತ್ರ ಒಳಗೊಳಗೇ ಖುಷಿ. ನನ್ನ ಹತ್ತಿರ ಮಿಷನ್ ಇದೆಯಲ್ಲ!

ಅದರ ಹೆಸರು ಚೈನ್‌ಸಾ. ನಮ್ಮ ಪರ್ಕಳದಲ್ಲಿ 'ಮರ ಕೊಯ್ಯುವ ಮಿಷನ್' ಅಂದರೇ ಅರ್ಥ ಆಗುವುದು. ನಾಲ್ಕು ವರ್ಷದ ಹಿಂದೆ ಆನ್‌ಲೈನಿನಲ್ಲಿ 6,200 ರೂಪಾಯಿಗೆ ತರಿಸಿದ್ದೆ. 58 ಸಿಸಿ. ನನ್ನ ಸ್ಕೂಟರಿನ ಅರ್ಧ ಇಂಜಿನ್ ಕೈಯಲ್ಲಿ ಹಿಡಿದ ಹಾಗೆ.

ಕೊಟ್ಟಿಗೆಯಿಂದ ತಂದು, ಚೋಕ್ ಹಾಕಿ, ಹಗ್ಗ ಎಳೆದೆ. ಅಲುಗಲಿಲ್ಲ. ಎರಡನೇ ಸಲ ಕಾಲು ಒತ್ತಿ ಹಿಡಿದು ಎಳೆದಾಗ ಸೊಂಟ ಬಂತು, ಹಗ್ಗ ಬರಲಿಲ್ಲ.

ರಿಪೇರಿಗೆ ಒಯ್ಯಬೇಕು. ಆದರೆ ಕಾರು ಹೊರಗೆ ಬರಬೇಕಾದರೆ ಗೆಲ್ಲು ಕೊಯ್ಯಬೇಕು, ಗೆಲ್ಲು ಕೊಯ್ಯಬೇಕಾದರೆ ಮಿಷನ್ ಸರಿಯಾಗಬೇಕು. ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಹಳೇ ಪಂಚೆಯಲ್ಲಿ ಸುತ್ತಿ, ಗೆಲ್ಲು ಹತ್ತಿ ಇಳಿದು ಹಿರಿಯಡ್ಕದ ಬಸ್ಸು ಹಿಡಿದೆ. ಪಂಚೆಯ ತುದಿಯಿಂದ ಚೈನಿನ ಹಲ್ಲು ಇಣುಕುತ್ತಿತ್ತು. ಬಸ್ಸು ತುಂಬಿದ್ದರೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

"ಇದು ಓಡ್ತದಾ?" ಎಂದ ಕಂಡಕ್ಟರ್.

"ಓಡಿದ್ರೆ ನಾನು ಬಸ್ಸಿಗೆ ಯಾಕೆ ಬರ್ತಿದ್ದೆ?"

ಮೆಕ್ಯಾನಿಕ್ ಸೈಲೆನ್ಸರ್ ಬಿಚ್ಚಿ, ಆ ತೂತಿಗೆ ಮೊಬೈಲ್ ಟಾರ್ಚ್ ಹಿಡಿದ. "ಇಲ್ಲಿ ನೋಡಿ ಮಾರ್ರೆ." ಬಗ್ಗಿ ನೋಡಿದೆ. ಪಿಸ್ಟನ್ನಿನ ಮೈಯಲ್ಲಿ ಮೇಲಿನಿಂದ ಕೆಳಗೆ ಉದ್ದುದ್ದ ಗೀರು, ಬೆಕ್ಕು ಪರಚಿದ ಹಾಗೆ. "ಯಾರೋ ಟು-ಟಿ ಹಾಕದೆ ಓಡಿಸಿದ್ದಾರೆ."

ಈ ಇಂಜಿನ್ನಿಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟು-ಟಿ ಎಣ್ಣೆಯೇ ಪಿಸ್ಟನ್ನಿಗೆ ಜಿಡ್ಡು. ನನ್ನ ಮಿಷನ್ನಿಗೆ ಲೀಟರಿಗೆ 40 ಎಂಎಲ್. ಬರೀ ಪೆಟ್ರೋಲ್ ಹಾಕಿದರೆ ಎಣ್ಣೆ ಇಲ್ಲದ ಕಾವಲಿಗೆ ದೋಸೆ ಹೊಯ್ದ ಹಾಗೆ. ಅಂಟಿಕೊಳ್ಳುತ್ತದೆ.

ಆ 'ಯಾರೋ' ಯಾರೆಂದು ನನಗೆ ಗೊತ್ತಾಯಿತು. ಎರಡು ತಿಂಗಳ ಹಿಂದೆ ಪಕ್ಕದ ಮನೆಯ ಭಾವ ಒಯ್ದಿದ್ದರು. "ಚೂರು ಬಿಸಿ ಆಗಿತ್ತು ಭಾವ, ಹಾಗೇ ತಂದಿಟ್ಟಿದ್ದೇನೆ" ಎಂದಿದ್ದರು. ಹೆಂಡತಿಗೆ ಅವರು ದೊಡ್ಡಪ್ಪನ ಮಗ, ಅಣ್ಣ. ಆಟಿಯಲ್ಲಿ, ಅಂದರೆ ಮಳೆಗಾಲದ ನಮ್ಮ ತುಳು ತಿಂಗಳಲ್ಲಿ, ಆ ಮನೆಯಿಂದ ಕೆಸುವಿನೆಲೆಯ ಪತ್ರೊಡೆ ಬರುತ್ತದೆ. ಪಿಸ್ಟನ್ ಇನ್ನೊಂದು ಸಿಗುತ್ತದೆ, ಆ ಪತ್ರೊಡೆ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡೆ.

ಮೆಕ್ಯಾನಿಕ್ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಬರೆದ. ಬೋರ್ ಕಿಟ್ (ಹೊಸ ಸಿಲಿಂಡರ್, ಪಿಸ್ಟನ್) 1,600, ಪ್ಯಾಕಿಂಗ್ 100, ಪ್ಲಗ್ 120, ಚೈನ್ 450, ಮಜೂರಿ 700. ಒಟ್ಟು 2,970.

"ರಿಪೇರಿ ಮಾಡಿಸುವುದು ಒಳ್ಳೆಯದಾ?"

"ಅಡ್ಡಿಲ್ಲ."

"ಹೊಸತು ತಗೊಂಡ್ರೆ?"

"ಅದೂ ಅಡ್ಡಿಲ್ಲ."

ನಮ್ಮ ಉಡುಪಿ ಕಡೆಯ ಈ ಮಾತನ್ನು ಹೊರಗಿನವರಿಗೆ ಬಿಡಿಸಿ ಹೇಳುವುದು ಕಷ್ಟ. ಮದುಮಗ ಹೇಗಿದ್ದಾನೆ ಎಂದರೂ ಅಡ್ಡಿಲ್ಲ, ಆಪರೇಷನ್ ಆದವರನ್ನು ಹೇಗಿದ್ದೀರಿ ಎಂದರೂ ಅಡ್ಡಿಲ್ಲ, ಇನ್ನೊಂದು ಹೋಳಿಗೆ ಹಾಕಲಾ ಎಂದರೂ ಅಡ್ಡಿಲ್ಲ. ಕೇಳಿದವನಿಗೆ ಸಮಾಧಾನ, ಹೇಳಿದವನಿಗೆ ಜವಾಬ್ದಾರಿ ಇಲ್ಲ.

ಮನೆಯಲ್ಲಿ ರಾತ್ರಿ ಇದೇ ಚರ್ಚೆ. ಹೆಂಡತಿ ಲೆಕ್ಕ ತೆಗೆದಳು. "ನಾಲ್ಕು ವರ್ಷದಲ್ಲಿ ನೀವು ಕೊಯ್ದದ್ದು ಒಂದು ಅಕೇಶಿಯಾ, ಒಂದು ಒಣ ತೆಂಗು, ಮತ್ತೆ ನಿಮ್ಮ ಪಂಚೆ. ಅಣ್ಣ ಕೊಯ್ದದ್ದೇ ಜಾಸ್ತಿ." ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಅಳಿಯ ಊಟಕ್ಕೆ ಬಂದಿದ್ದ. "ಮಾವ, ಚೈನ್ ಗರಗಸ ಮೊದಲು ಮಾಡಿದ್ದು ಮರಕ್ಕಲ್ಲ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಡಾಕ್ಟರುಗಳು ಮೂಳೆ ಕೊಯ್ಯಲಿಕ್ಕೆ ಮಾಡಿದ್ದು" ಎಂದ. ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದ ನಾನು ಸ್ವಲ್ಪ ದೂರ ಸರಿದು ಕೂತೆ.

ಕಡೆಗೆ ರಿಪೇರಿ ಎಂದೇ ಆಯಿತು. ಉಳಿತಾಯಕ್ಕೇನೂ ಅಲ್ಲ. ಹೊಸತು ತಂದರೆ ಹಳೆಯದನ್ನು ಗುಜರಿಗೆ ಹಾಕಬೇಕು, ಅದು ನನ್ನಿಂದಾಗದ ಕೆಲಸ. ಅಟ್ಟದಲ್ಲಿ ಈಗಾಗಲೇ ಎರಡು ಮಿಕ್ಸಿ, ಒಂದು ರೇಡಿಯೋ 'ಮುಂದೆ ನೋಡುವ' ಎಂದು ಕೂತಿವೆ.

ಬೋರ್ ಕಿಟ್ ಮಂಗಳೂರಿನಿಂದ ಬರಬೇಕು, ನಾಲ್ಕು ದಿನ ಎಂದ ಮೆಕ್ಯಾನಿಕ್. ಒಂಬತ್ತಾಯಿತು. ಮೂರನೇ ದಿನ ಹೆಂಡತಿ ಯಾರಿಗೋ ಹೇಳಿ ಕಳಿಸಿದಳು. ಕೊಡಲಿ ಹಿಡಿದ ಒಬ್ಬ ಅಜ್ಜ ಬಂದರು. ಗೆಲ್ಲನ್ನು ಒಂದು ಸುತ್ತು ನೋಡಿ, ಎಲೆ ಅಡಿಕೆ ಹಾಕಿಕೊಂಡು, ಮಧ್ಯಾಹ್ನದ ಊಟಕ್ಕೆ ಮೊದಲು ಗೇಟು ಬಿಡಿಸಿಕೊಟ್ಟರು. 900 ರೂಪಾಯಿ, ಎರಡು ಚಾ. "ಇಷ್ಟು ಸಣ್ಣ ಗೆಲ್ಲಿಗೆ ಮಿಷನ್ ಎಂತಕ್ಕೆ?" ಎಂದು ಬೇರೆ ಕೇಳಿದರು.

ಮಿಷನ್ ಮನೆಗೆ ಬಂತು. ಎರಡನೇ ಎಳೆತಕ್ಕೇ ಶುರುವಾಯಿತು, ಏನು ಗರ್ಜನೆ! ಆದರೆ ಕೊಯ್ಯಲಿಕ್ಕೆ ಏನೂ ಇಲ್ಲ. ಅಜ್ಜ ಕಡಿದಿಟ್ಟ ತುಂಡುಗಳನ್ನೇ ಬಚ್ಚಲೊಲೆಗೆಂದು ಸುಮ್ನೆ ಇನ್ನೂ ಸಣ್ಣ ಮಾಡಿದೆ.

ಆ ಶಬ್ದ ಬೇಲಿಯಾಚೆ ಕೇಳದೆ ಇರುತ್ತದಾ? "ಮಿಷನ್ ಸರಿಯಾಯ್ತಾ ಭಾವ? ಒಂದು ದಿನಕ್ಕೆ ಬೇಕಿತ್ತಲ್ಲ" ಎಂದು ಭಾವ ಬಂದರು. ಈ ಸಲ ನಾನು ಹುಷಾರಿ. ನಾನೇ ಲೀಟರಿಗೆ 40 ಎಂಎಲ್ ಅಳೆದು, ಬೆರೆಸಿ, ಬಾಟ್ಲಿಗೆ ತುಂಬಿ ಕೊಟ್ಟೆ. "ಇದನ್ನೇ ಹಾಕಬೇಕು, ಬೇರೆ ಎಂತದ್ದೂ ಹಾಕಬಾರದು" ಎಂದು ಎರಡು ಸಲ ಹೇಳಿದೆ. "ಅಡ್ಡಿಲ್ಲ" ಎಂದರು.

ಗಂಟೆ ಕಳೆದ ಮೇಲೆ ಫೋನ್ ಬಂತು. "ಭಾವ, ಇದರಲ್ಲಿ ಎರಡು ಮುಚ್ಚಳ ಉಂಟಲ್ಲ?"

"ಒಂದು ಪೆಟ್ರೋಲಿಗೆ, ಇನ್ನೊಂದು ಚೈನಿಗೆ ಬಿಡುವ ಎಣ್ಣೆಗೆ. ಯಾಕೆ?"

"ಬೇರೆ ಎಂತದ್ದೂ ಹಾಕಬಾರದು ಅಂದಿದ್ರಿ. ಹಾಗೆ ನಿಮ್ಮ ಬಾಟ್ಲಿದ್ದನ್ನೇ ಎರಡಕ್ಕೂ ಸಮ ಹಾಕಿದೆ. ಅಡ್ಡಿಲ್ಲ ಅಲ್ವಾ?"