ಮಂಡ್ಯದ ಲಿಥಿಯಂಗಿಂತ ತಿಪಟೂರಿನ ಕರಟದ ಮೇಲೆ ನನಗೆ ನಂಬಿಕೆ ಜಾಸ್ತಿ

ಬ್ಯಾಟರಿ ಅಂದ ಕೂಡಲೇ ನಮ್ಮವರ ಮಾತು ಮಂಡ್ಯದ ಮರಳಗಾಲಕ್ಕೆ ಹೋಗುತ್ತದೆ. 2020ರಲ್ಲಿ ಅಲ್ಲಿ 14,100 ಟನ್ ಲಿಥಿಯಂ ಇದೆ ಅಂತ ದೊಡ್ಡ ಸುದ್ದಿಯಾಯಿತು. ಆಮೇಲೆ ಸರ್ಕಾರವೇ ಕೊಟ್ಟ ಅಂದಾಜು 1,600 ಟನ್. ಚಿಲಿಯ ನಿಕ್ಷೇಪ 90 ಲಕ್ಷ ಟನ್ ದಾಟುತ್ತದೆ. ಮಂಡ್ಯವನ್ನು ನಂಬಿ ಕೂತರೆ ಆಗುವ ಕೆಲಸವಲ್ಲ ಇದು.

ಲಿಥಿಯಂ ಬದಲು ಸೋಡಿಯಂ ಬಳಸಿಯೂ ಬ್ಯಾಟರಿ ಮಾಡಬಹುದು. ಸೋಡಿಯಂಗೆ ಈ ಕೊರತೆ ಇಲ್ಲ. ಅಡುಗೆ ಉಪ್ಪಿನಲ್ಲೇ ಇದೆ. ತೊಡಕು ಇರುವುದು ಅದನ್ನು ಒಳಗೆ ಕೂರಿಸುವ ವಸ್ತುವಿನಲ್ಲಿ. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ಕಾರ್ಬನ್) ಪದರಗಳ ನಡುವೆ ಹೋಗಿ ಸೇರುತ್ತವೆ. ಸೋಡಿಯಂ ಅಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಗಾತ್ರ ದೊಡ್ಡದು, ಅದಕ್ಕೇ ಅಂತ ಸುಮ್ನೆ ಹೇಳಿಬಿಡುತ್ತಾರೆ. ಆದರೆ ಅದಕ್ಕಿಂತ ದಪ್ಪಗಿರುವ ಪೊಟ್ಯಾಸಿಯಂ ಅದೇ ಗ್ರಾಫೈಟ್‌ನೊಳಗೆ ಆರಾಮಾಗಿ ಹೋಗುತ್ತದೆ! ಸೋಡಿಯಂಗೂ ಗ್ರಾಫೈಟ್‌ಗೂ ಬೆಸುಗೆಯೇ ದುರ್ಬಲ, ನಿಜವಾದ ಕಾರಣ ಅದು.

ಹಾಗಾಗಿ ಗ್ರಾಫೈಟ್ ಬದಲು ಹಾರ್ಡ್ ಕಾರ್ಬನ್ ಎಂಬ ಇನ್ನೊಂದು ಬಗೆಯ ಕಾರ್ಬನ್ ಬೇಕು. ಅದರ ಪದರಗಳು ಸಾಲಾಗಿರುವುದಿಲ್ಲ, ಅಡ್ಡಾದಿಡ್ಡಿ ಬಿದ್ದಿರುತ್ತವೆ, ನಡುವೆ ಸಣ್ಣ ಸಣ್ಣ ರಂಧ್ರಗಳು. ಸೋಡಿಯಂ ಅಲ್ಲಿ ಜಾಗ ಮಾಡಿಕೊಳ್ಳುತ್ತದೆ. ತೆಂಗಿನ ಕರಟವನ್ನು ಗಾಳಿಯಾಡದಂತೆ 1,000 ಡಿಗ್ರಿ ದಾಟಿಸಿ ಕಾಯಿಸಿದರೆ ಇದು ಸಿಗುತ್ತದೆ. ತಿಪಟೂರು, ಅರಸೀಕೆರೆ ಕಡೆ ಕರಟಕ್ಕೇನು ಬರ ಅಲ್ವಾ? ಆದರೆ ಒಲೆಗೆ ಹಾಕುವ ಇದ್ದಿಲು ಇಲ್ಲಿ ನಡೆಯುವುದಿಲ್ಲ. ಕರಟದಲ್ಲಿರುವ ಪೊಟ್ಯಾಸಿಯಂನಂಥ ಖನಿಜಗಳನ್ನು ಆಮ್ಲದಲ್ಲಿ ತೊಳೆದು ತೆಗೆಯಬೇಕು. ರಂಧ್ರ ಎಷ್ಟು ಸಣ್ಣದು, ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತೆರೆದ ರಂಧ್ರ ಜಾಸ್ತಿಯಾದರೆ ಮೊದಲ ಚಾರ್ಜ್‌ನಲ್ಲೇ ಒಂದಷ್ಟು ಸೋಡಿಯಂ ಸಿಕ್ಕಿಹಾಕಿಕೊಂಡು ಮತ್ತೆ ಹೊರಗೆ ಬರುವುದಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಹಾರ್ಡ್ ಕಾರ್ಬನ್ ಬಿಟ್ಟು ಬೇರೆಯೇ ದಾರಿ ಹಿಡಿದಿದೆ. ವನೇಡಿಯಂ, ನಿಯೋಬಿಯಂ ಎಂಬ ಲೋಹಗಳಿರುವ ಫಾಸ್ಫೇಟ್ ತೆಗೆದುಕೊಂಡು, ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿ, ತೆಳುವಾಗಿ ಕಾರ್ಬನ್ ಲೇಪಿಸಿ, ಚೂರು ಅಲ್ಯೂಮಿನಿಯಂ ಬೆರೆಸಿದರು. ಆರು ನಿಮಿಷಕ್ಕೆ ಶೇ. 80 ಚಾರ್ಜ್, 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದು ಅಂತ 2025ರಲ್ಲಿ ಪ್ರಕಟಿಸಿದರು. ಓದಿ ನಿಜಕ್ಕೂ ಖುಷಿಯಾಯಿತು. ಆದರೆ ನಿಯೋಬಿಯಂ ಬಹುಪಾಲು ಬರುವುದು ಬ್ರೆಜಿಲ್‌ನಿಂದ. ಲಿಥಿಯಂಗೆ ಒಬ್ಬರ ಮುಂದೆ ಕೈಚಾಚಿ, ನಿಯೋಬಿಯಂಗೆ ಇನ್ನೊಬ್ಬರ ಮುಂದೆ ಕೈಚಾಚುವುದೇ?

ಸೋಡಿಯಂ ಬ್ಯಾಟರಿಯ ತೂಕ ಜಾಸ್ತಿ, ಒಪ್ಪುತ್ತೇನೆ. ದೂರ ಓಡುವ ಕಾರಿಗೆ ಲಿಥಿಯಂ ಇರಲಿ. ಆದರೆ ಊರೊಳಗಿನ ಆಟೋಗೆ, ಪಾವಗಡದ ಸೋಲಾರ್ ಕರೆಂಟು ರಾತ್ರಿಗೆ ಉಳಿಸುವುದಕ್ಕೆ ತೂಕ ಅಂಥ ದೊಡ್ಡ ವಿಷಯವಲ್ಲ. ಗಣಿಗೆ ಇಡುವ ದುಡ್ಡಿನಲ್ಲಿ ಒಂದು ಪಾಲು ತಿಪಟೂರಿನಲ್ಲಿ ಕುಲುಮೆ, ಪರೀಕ್ಷಾ ಕೇಂದ್ರ ಕಟ್ಟುವುದಕ್ಕೆ ಕೊಡಲಿ. ಲ್ಯಾಬಿನಲ್ಲಿ ಗ್ರಾಂ ಲೆಕ್ಕದಲ್ಲಿ ಆಗುವುದು ಅಲ್ಲಿ ಟನ್ ಲೆಕ್ಕದಲ್ಲಿ ಆಗುತ್ತದಾ ನೋಡಬೇಕು.